ಟೀಚರಮ್ಮನ ಮಂಡಿ ಮತ್ತು ಎರಡು ಸೈಕಲ್‌ಗಳು: ಒಂದು ಪ್ರಕರಣ ಅಧ್ಯಯನ

ಜೂನ್ ತಿಂಗಳ ಒಂದು ಸಂಜೆ ಪುಣೆಯಿಂದ ಟೀಚರಮ್ಮನ ಮಗನ ಫೋನ್ ಬಂತು. "ಮೇಡಂ, ಅಮ್ಮನಿಗೆ ಎಕ್ಸರ್‌ಸೈಜ್ ಸೈಕಲ್ ಆರ್ಡರ್ ಮಾಡ್ತಾ ಇದೀನಿ. ಅಪ್‌ರೈಟ್ ತಗೊಳ್ಳೋದಾ, ರಿಕಂಬೆಂಟ್ ತಗೊಳ್ಳೋದಾ? ಬೇಗ ಹೇಳಿ, ಇವತ್ತು ರಾತ್ರಿ ತನಕ ಮಾತ್ರ ಆಫರ್ ಇದೆ."

ನಾನು ಫಿಸಿಯೋಥೆರಪಿಸ್ಟ್. ಮೈಸೂರಿನಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತೇನೆ. ಈ ಪ್ರಶ್ನೆ ನನಗೆ ಹೊಸದಲ್ಲ. ಮಂಡಿ ನೋವಿದ್ದರೆ ಒರಗಿ ಕೂತು ತುಳಿಯುವ ರಿಕಂಬೆಂಟ್, ಇಲ್ಲದಿದ್ದರೆ ಮಾಮೂಲಿ ಸೈಕಲ್ಲಿನಂಥ ಅಪ್‌ರೈಟ್ ಅಂತ ವರ್ಷಗಟ್ಟಲೆ ಒಂದೇ ಉತ್ತರ ಹೇಳುತ್ತಾ ಬಂದಿದ್ದೆ. ಅವತ್ತು ಯಾಕೋ ಬಾಯಿಗೆ ಬಂದದ್ದು ಇನ್ನೊಂದು ಪ್ರಶ್ನೆ. "ಅಮ್ಮನ ಮಂಡಿ ಎಷ್ಟು ಮಡಚುತ್ತೆ, ಗೊತ್ತಾ?" ಗೊತ್ತಿರಲಿಲ್ಲ. ಗೊತ್ತಿರಬೇಕಾದ ವಿಷಯ ಅಂತಲೂ ಅವರಿಗೆ ಅನ್ನಿಸಿರಲಿಲ್ಲ. ಆಫರ್ ಹೋದರೆ ಹೋಗಲಿ, ಎರಡು ದಿನ ತಡೆಯಿರಿ ಅಂದೆ.

ಆ ಎರಡು ದಿನದಲ್ಲಿ, ಆಮೇಲಿನ ಏಳು ತಿಂಗಳಲ್ಲಿ ನಡೆದದ್ದನ್ನು ಆ ಅಮ್ಮನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ. ಎಲ್ಲರೂ ಕರೆಯುವ ಹಾಗೆ ನಾನೂ ಟೀಚರಮ್ಮ ಅಂತಲೇ ಕರೆಯುತ್ತೇನೆ.

ಮನೆ ಮತ್ತು ಮನುಷ್ಯರು

ಸರಸ್ವತಿಪುರಂನಲ್ಲಿ ಹಳೆಯ ಮನೆ. ಟೀಚರಮ್ಮನಿಗೆ 66 ವರ್ಷ. ಹೈಸ್ಕೂಲಿನಲ್ಲಿ ನಿಂತುಕೊಂಡೇ ಪಾಠ ಮಾಡಿ ನಿವೃತ್ತರಾದವರು. ಎತ್ತರ 5 ಅಡಿ, ತೂಕ 74 ಕಿಲೋ. ಎರಡೂ ಮಂಡಿ ಸವೆದಿವೆ. ಬಲಗಡೆಯದು ಜಾಸ್ತಿ. ಹನ್ನೆರಡು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಸದಾ ಸೀರೆ, ರಾತ್ರಿ ನೈಟಿ.

ಅವರ ಯಜಮಾನರಿಗೆ 70. ಮಂಡಿ ಚೆನ್ನಾಗಿದೆ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಾರೆ. ಎರಡು ವರ್ಷದ ಹಿಂದೆ ಟೀಚರಮ್ಮನೂ ಜೊತೆಗೆ ಹೋಗುತ್ತಿದ್ದರು. ಆಮೇಲೆ ಕೆರೆಯ ಗೇಟಿನ ತನಕ, ಆಮೇಲೆ ರಸ್ತೆಯ ತಿರುವಿನ ತನಕ, ಕೊನೆಗೆ ಮನೆಯ ಗೇಟಿನ ತನಕ. ಮಗನ ಫೋನಿನ ಹಿಂದೆ ಇದ್ದದ್ದು ಈ ಕುಗ್ಗುತ್ತಾ ಬಂದ ದಾರಿ.

ಮೊದಲ ದಿನ ನಾನು ಅಳೆದದ್ದು ಇಷ್ಟು. ಬಲ ಮಂಡಿ 102 ಡಿಗ್ರಿ ತನಕ ಮಡಚುತ್ತಿತ್ತು, ಪೂರ್ತಿ ನೇರವಾಗಲು 8 ಡಿಗ್ರಿ ಬಾಕಿ. ಎಡ ಮಂಡಿ 118 ಡಿಗ್ರಿ ಮಡಚುತ್ತಿತ್ತು. ನೋವು ಹತ್ತಕ್ಕೆ ಏಳು ಅಂದರು. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸಿದೆ. ಆರು. ಆ ವಯಸ್ಸಿನ ಹೆಂಗಸರಿಗೆ ಹನ್ನೊಂದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಪಾದಕ್ಕೆ ಸಣ್ಣ ನೈಲಾನ್ ಎಳೆ ಒತ್ತಿ ಪರೀಕ್ಷೆ ಮಾಡಿದಾಗ ಬಲಗಾಲಿನ ಹೆಬ್ಬೆರಳಿಗೆ ಸ್ಪರ್ಶ ಗೊತ್ತಾಗಲಿಲ್ಲ.

ಆರು ಅನ್ನುವ ಆ ಎಣಿಕೆ ಮತ್ತು ಗೊತ್ತಾಗದ ಆ ಹೆಬ್ಬೆರಳು ಮುಂದೆ ಎಷ್ಟು ಮುಖ್ಯವಾಗುತ್ತವೆ ಅಂತ ನನಗೆ ಆಗ ಪೂರ್ತಿ ಹೊಳೆದಿರಲಿಲ್ಲ.

ಸೈಕಲ್ಲೇ ಯಾಕೆ

ಯಜಮಾನರು ಕೇಳಿದ ಮೊದಲ ಪ್ರಶ್ನೆ ಇದೇ. "ಮಂಡಿ ಸವೆದಿದೆ ಅಂತೀರಿ. ಮತ್ತೆ ಅದನ್ನೇ ತಿರುಗಿಸಿದರೆ ಇನ್ನೂ ಸವೆಯಲ್ವಾ?"

ಒಳ್ಳೆಯ ಪ್ರಶ್ನೆ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯ ಒಳಗೇ ಅಳತೆಯ ಸಾಧನ ಕೂರಿಸಿ, ಆ ಮಂಡಿ ಹಾಕಿಸಿಕೊಂಡವರು ನಡೆಯುವಾಗ, ಮೆಟ್ಟಿಲು ಇಳಿಯುವಾಗ, ಸೈಕಲ್ ತುಳಿಯುವಾಗ ಎಷ್ಟು ಭಾರ ಬೀಳುತ್ತೆ ಅಂತ ನೋಡಿದ್ದಾರೆ. ಸಮತಟ್ಟು ನೆಲದಲ್ಲಿ ನಡೆಯುವಾಗ ಮೈತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ನಿಂತಲ್ಲೇ ಇರುವ ಸೈಕಲ್ಲನ್ನು ಸಾಧಾರಣ ಬಿಗಿಯಲ್ಲಿ (ಬಿಗಿ ಅಂದರೆ ಪೆಡಲ್ ಒಡ್ಡುವ ತಡೆ) ಕೂತು ತುಳಿಯುವಾಗ ಹತ್ತಿರ ಹತ್ತಿರ ಮೈತೂಕದಷ್ಟೇ. 74 ಕಿಲೋದ ಟೀಚರಮ್ಮ ಒಂದು ಹೆಜ್ಜೆ ಇಟ್ಟರೆ ಆ ಮಂಡಿ 185 ಕಿಲೋದಷ್ಟು ಭಾರ ಹೊರುತ್ತಿತ್ತು. ಪೆಡಲ್ ಮೇಲೆ ಅದರ ಅರ್ಧಕ್ಕಿಂತ ಕಡಿಮೆ. ಆದರೂ ತೊಡೆಯ ಸ್ನಾಯುವಿಗೆ ಕೆಲಸ ಸಿಗುತ್ತೆ. ಸವೆದ ಮಂಡಿಗೆ ಆಸರೆ ಅಂದರೆ ಆ ಸ್ನಾಯುವೇ.

ಈ ಲಾಭ ಎರಡೂ ಬಗೆಯ ಸೈಕಲ್‌ನಲ್ಲಿ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಅಪ್‌ರೈಟ್ ಅಂದರೆ ನಾವೆಲ್ಲ ನೋಡಿರುವ ಸೈಕಲ್ ರೂಪ. ಕಿರಿದಾದ ಸೀಟು, ಅದರ ಕೆಳಗೆ ಪೆಡಲ್, ಮುಂದೆ ಹ್ಯಾಂಡಲ್. ರಿಕಂಬೆಂಟ್‌ನಲ್ಲಿ ಕುರ್ಚಿಯಂಥ ಅಗಲ ಸೀಟು, ಬೆನ್ನಿಗೆ ಒರಗು, ಪೆಡಲ್ ಮುಂದುಗಡೆ. ಕಾಲು ಚಾಚಿ ತುಳಿಯುವುದು. ಅಪ್‌ರೈಟ್ ಸುಮಾರು ಮೂರು ಮೂರೂವರೆ ಅಡಿ ಉದ್ದದ ಜಾಗದಲ್ಲಿ ಕೂರುತ್ತೆ. ರಿಕಂಬೆಂಟ್‌ಗೆ ಐದು ಅಡಿಯಾದರೂ ಬೇಕು. ಮಗ ನೋಡಿದ್ದ ಅಪ್‌ರೈಟ್ 11,000 ರೂಪಾಯಿ. ರಿಕಂಬೆಂಟ್ 24,000. ಹೆಚ್ಚಿನ ಮನೆಗಳಲ್ಲಿ ತೀರ್ಮಾನ ಇಲ್ಲಿಗೇ ಮುಗಿಯುತ್ತೆ.

ಅಂಗಡಿಯಲ್ಲಿ ಒಂದೂವರೆ ಗಂಟೆ

ಮೂರನೇ ದಿನ ನಾವು ಮೂವರೂ ಅಂಗಡಿಗೆ ಹೋದೆವು. ಟೀಚರಮ್ಮ ದಿನಾ ಉಡುವ ಸೀರೆಯಲ್ಲೇ ಬರಲಿ ಅಂತ ನಾನು ಹೇಳಿದ್ದೆ. ನನ್ನ ಚೀಲದಲ್ಲಿ ಟೇಪು ಮತ್ತು ಮಂಡಿಯ ಕೋನ ಅಳೆಯುವ ಪಟ್ಟಿ ಇದ್ದವು.

ಮೊದಲು ಅಪ್‌ರೈಟ್. ಹತ್ತುವುದೇ ಆಗಲಿಲ್ಲ. ನಡುವಿನ ಕಂಬಿಯ ಮೇಲಿಂದ ಕಾಲು ದಾಟಿಸಬೇಕು. ಬಲಗಾಲಿನ ಮೇಲೆ ಭಾರ ಬಿಟ್ಟು ಎಡಗಾಲು ಎತ್ತಲು ಭಯ. ಎಡಗಾಲಿನ ಮೇಲೆ ನಿಂತರೆ ಬಲಗಾಲು ಅಷ್ಟು ಎತ್ತರಕ್ಕೆ ಬರುವುದಿಲ್ಲ. ನಡುವೆ ಸೀರೆಯ ನೆರಿಗೆ. ಅಂಗಡಿಯ ಹುಡುಗ ಸ್ಟೂಲ್ ತಂದುಕೊಟ್ಟ. ಯಜಮಾನರು ಹಿಡಿದುಕೊಂಡರು. ಅಂತೂ ಕೂತರು.

ಆಮೇಲೆ ಸೀಟಿನ ಎತ್ತರದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಅಪ್‌ರೈಟ್ ಇರುವ ಅರ್ಧ ಜನ ಎಡವುವುದು ಇಲ್ಲೇ. ಪೆಡಲ್ ತೀರಾ ಕೆಳಗೆ ಹೋದಾಗ ಮಂಡಿ 25ರಿಂದ 35 ಡಿಗ್ರಿ ಮಡಚಿರಬೇಕು. ಮನೆಯಲ್ಲಿ ನೋಡುವ ಸುಲಭದ ಬಗೆ ಹೀಗೆ: ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತುಳಿದರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಬೇಕಾದಷ್ಟು ಮಡಿಕೆ ತಾನೇ ಬರುತ್ತೆ. ಆದರೆ ಸೀಟು ಅಷ್ಟು ಎತ್ತರಕ್ಕೆ ಇಟ್ಟರೆ ಕೂತಲ್ಲಿಂದ ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಬೆರಳ ತುದಿ ಮಾತ್ರ ತಾಗುತ್ತೆ. ಬೀಳುವ ಭಯ ಇರುವವರು ಏನು ಮಾಡುತ್ತಾರೆ? ಸೀಟು ಇಳಿಸುತ್ತಾರೆ. ಸೀಟು ಇಳಿದಷ್ಟೂ ಪೆಡಲ್ ಮೇಲೆ ಬಂದಾಗ ಮಂಡಿ ಜಾಸ್ತಿ ಮಡಚಬೇಕು. ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತೆ, ನೋವು ಏರುತ್ತೆ. ಆಮೇಲೆ "ಸೈಕಲ್ ತುಳಿದು ಮಂಡಿ ನೋವು ಜಾಸ್ತಿಯಾಯ್ತು" ಅನ್ನುತ್ತಾರೆ. ಸುಳ್ಳಲ್ಲ, ನಿಜವಾಗಿಯೂ ಆಗಿರುತ್ತೆ.

ಟೀಚರಮ್ಮನೂ ಅದನ್ನೇ ಕೇಳಿದರು. "ಇಳಿಸಿಬಿಡಮ್ಮ, ನೆಲ ಸಿಗ್ತಾ ಇಲ್ಲ." ಅವರನ್ನೇ ಇಳಿಸಿದೆವು.

ರಿಕಂಬೆಂಟ್‌ಗೆ ಹೋದಾಗ ಮುಖ ಅರಳಿತು. ಕಂಬಿ ದಾಟುವ ಗೊಡವೆ ಇಲ್ಲ. ಸೀಟಿನ ಮುಂದೆ ನಡೆದು ಬಂದು, ತಿರುಗಿ, ಕುರ್ಚಿಯಲ್ಲಿ ಕೂತ ಹಾಗೆ ಕೂರುವುದು. ಸೀರೆಗೆ ತೊಂದರೆ ಇಲ್ಲ. ಪಕ್ಕದಲ್ಲಿ ಹಿಡಿಯಲು ಹಿಡಿಕೆ ಇದೆ. "ಇದೇ ಇರಲಿ" ಅಂದರು.

ತುಳಿಯಲು ಹೋದರೆ ಬಲ ಪೆಡಲ್ ಮುಕ್ಕಾಲು ಸುತ್ತು ಬಂದು ನಿಂತಿತು. ಮಂಡಿ ಅದಕ್ಕಿಂತ ಮಡಚುವುದಿಲ್ಲ.

ನನ್ನ ಹಳೆಯ ಉತ್ತರ ಸೋತದ್ದು ಆ ಕ್ಷಣದಲ್ಲಿ. ರಿಕಂಬೆಂಟ್‌ನಲ್ಲಿ ಮಂಡಿ ಕಡಿಮೆ ಮಡಚಿದರೆ ಸಾಕು ಅಂತ ನಾನು ನಂಬಿದ್ದೆ, ಹೇಳುತ್ತಲೂ ಇದ್ದೆ. ಅಂಗಡಿಯ ನೆಲದ ಮೇಲೆ ಕೂತು ಲೆಕ್ಕ ಹಾಕಿ ನೋಡಿದೆ. ಪೆಡಲ್ ಒಂದು ವೃತ್ತದಲ್ಲಿ ತಿರುಗುತ್ತೆ. ಅದು ಸೀಟಿನಿಂದ ಎಷ್ಟು ದೂರ ಹೋಗುತ್ತೆ, ಎಷ್ಟು ಹತ್ತಿರ ಬರುತ್ತೆ ಅನ್ನುವುದರ ಮೇಲೆ ಮಂಡಿಯ ಮಡಿಕೆ ನಿಂತಿದೆ. ಪೆಡಲ್ ಕೆಳಗಿರಲಿ, ಮುಂದಿರಲಿ, ಆ ಲೆಕ್ಕ ಬದಲಾಗುವುದಿಲ್ಲ. ಬದಲಾಯಿಸುವುದು ಎರಡೇ: ಸೀಟಿನ ದೂರ ಮತ್ತು ಕ್ರ್ಯಾಂಕ್‌ನ ಉದ್ದ. ಕ್ರ್ಯಾಂಕ್ ಅಂದರೆ ಪೆಡಲ್‌ ಅನ್ನು ನಡುವಿನ ಅಚ್ಚಿಗೆ ಸೇರಿಸುವ ಕೈ. ಸೀಟು ಹಿಂದೆ ಸರಿಸಿದರೆ ಮಡಿಕೆ ಕಡಿಮೆಯಾಗುತ್ತೆ ನಿಜ. ಆದರೆ ಟೀಚರಮ್ಮನ ಕಾಲು ಪೂರ್ತಿ ನೇರವೂ ಆಗುವುದಿಲ್ಲ. ಹಾಗಾಗಿ ಹಿಂದೆ ಸರಿಸುವುದಕ್ಕೂ ಮಿತಿ ಇದೆ.

ಕ್ರ್ಯಾಂಕ್ ಅಳೆದೆ. ಆ ಗಾಡಿಯದು 17 ಸೆಂಟಿಮೀಟರ್. ಎತ್ತರದ ಮನುಷ್ಯನಿಗೆ ಸರಿಯಾದದ್ದು. 5 ಅಡಿಯ ಹೆಂಗಸಿನ ಕಾಲಿಗೆ ಅದು ದೊಡ್ಡ ಚಕ್ರ. ಸುತ್ತು ಪೂರ್ತಿಯಾಗಲು ಅವರ ಮಂಡಿ ಸುಮಾರು 113 ಡಿಗ್ರಿ ಮಡಚಬೇಕು. ಪಕ್ಕದಲ್ಲಿದ್ದ ಇನ್ನೊಂದು ರಿಕಂಬೆಂಟ್‌ನ ಕ್ರ್ಯಾಂಕ್ 15 ಸೆಂಟಿಮೀಟರ್. ಅದಕ್ಕೆ 106 ಡಿಗ್ರಿ ಸಾಕು. ಎರಡು ಸೆಂಟಿಮೀಟರಿಗೆ ಏಳು ಡಿಗ್ರಿ! ಇವರ ಬಳಿ ಇದ್ದದ್ದು 102. ಇನ್ನು ನಾಲ್ಕು ಡಿಗ್ರಿ ವ್ಯಾಯಾಮದಿಂದ ದುಡಿಯಬಹುದಾದ ಅಂತರ. ಹನ್ನೊಂದು ಡಿಗ್ರಿಗೆ ನಾನು ಮಾತು ಕೊಡುತ್ತಿರಲಿಲ್ಲ. ಗಾಡಿಯ ಪೆಟ್ಟಿಗೆಯ ಮೇಲೆ ಹತ್ತಾರು ವಿವರ ಅಚ್ಚಾಗಿದ್ದವು. ಕ್ರ್ಯಾಂಕ್‌ನ ಉದ್ದ ಇರಲಿಲ್ಲ.

ಕೊನೆಗೆ ಇಳಿಯುವಾಗ ಇನ್ನೊಂದು ತೊಡಕು ಕಂಡಿತು. ಸೀಟು ನೆಲದಿಂದ ಹದಿನಾರೂವರೆ ಇಂಚು. ಅವರ ಮನೆಯ ದಿವಾನ ಹದಿನೆಂಟು. ಅಷ್ಟು ತಗ್ಗಿನಿಂದ ಎದ್ದೇಳಲು ಆಗಲೇ ಇಲ್ಲ. 30 ಸೆಕೆಂಡಿಗೆ ಆರು ಸಲ ಮಾತ್ರ ಏಳುವವರಿಗೆ ತಗ್ಗು ಸೀಟು ಅಂದರೆ ಬಾವಿ ಇದ್ದ ಹಾಗೆ. ಮಂಡಿಗೆ ಒಳ್ಳೆಯದು ಅಂತ ಹೆಸರು ಪಡೆದ ಗಾಡಿಯಿಂದ ಏಳುವಾಗಲೇ ಮಂಡಿಗೆ ಅತಿ ಹೆಚ್ಚು ಭಾರ ಬೀಳುತ್ತೆ. ಇದನ್ನು ಯಾರೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ಇದಕ್ಕೆ ದಾರಿ ಸಿಕ್ಕಿತು. ಹಾಸಿಗೆ ಅಂಗಡಿಯಲ್ಲಿ ಎರಡೂವರೆ ಇಂಚಿನ ಗಟ್ಟಿ ಫೋಮ್ ಕತ್ತರಿಸಿಸಿ, ಬೀದಿಯ ಟೈಲರ್ ಹತ್ತಿರ ಗವಸು ಹೊಲಿಸಿ, ಸೀಟಿಗೆ ಬಿಗಿಯಾಗಿ ಕಟ್ಟಲು ಪಟ್ಟಿ ಇಡಿಸಿದೆವು. ಜಾರುವ ದಿಂಬು ಸುಮ್ನೆ ಇಟ್ಟರೆ ಅದೇ ಬೀಳಿಸುತ್ತೆ. ಹಾಗಾಗಿ ಪಟ್ಟಿ ಬೇಕೇ ಬೇಕು.

ಯಜಮಾನರ ಆಕ್ಷೇಪ

ಅವರಿಗೆ ಅಪ್‌ರೈಟ್ ಬೇಕಿತ್ತು. ಮಳೆಗಾಲದಲ್ಲಿ ಕೆರೆಗೆ ಹೋಗಲು ಆಗದ ದಿನ ತಾವೂ ತುಳಿಯಬಹುದು ಅನ್ನುವ ಆಸೆ. "ಒರಗಿಕೊಂಡು ಮಾಡೋದು ವ್ಯಾಯಾಮ ಹೇಗಾಗುತ್ತೆ?" ಅಂದರು.

ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಅಪ್‌ರೈಟ್‌ನಲ್ಲಿ ಬೆನ್ನು, ಹೊಟ್ಟೆ, ತೋಳು ಸೇರಿ ಮೈಯನ್ನು ಹಿಡಿದಿಡಬೇಕು. ಬೇಕಾದರೆ ಎದ್ದು ನಿಂತು ತುಳಿಯಬಹುದು. ಮೈಯ ಪೂರ್ತಿ ಶಕ್ತಿ ಹಾಕಿ ಏದುಸಿರು ಬರುವಷ್ಟು ತುಳಿಯಲು ಅದೇ ಮೇಲು. ಅವರೊಬ್ಬರಿಗೇ ಆಗಿದ್ದರೆ ನಾನೂ ಅಪ್‌ರೈಟ್ ಅಂತಲೇ ಹೇಳುತ್ತಿದ್ದೆ, 13,000 ಉಳಿಯುತ್ತಿತ್ತು.

ಆದರೆ ಒರಗಿ ತುಳಿಯುವುದು ಸೋಮಾರಿತನ ಅನ್ನುವುದನ್ನು ನಾನು ಒಪ್ಪಲಿಲ್ಲ. 1933ರ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫಾರ್ ಅನ್ನುವ ಸೈಕಲ್ ಸವಾರ ಇಂಥದೇ ಒರಗು ಸೈಕಲ್‌ನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಓಡಿಸಿ, 1914ರಿಂದ ನಿಂತಿದ್ದ ದಾಖಲೆ ಮುರಿದರು. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆ ಬಗೆಯ ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಅಲ್ಲಿ ಗೆದ್ದದ್ದು ಮುಖ್ಯವಾಗಿ ಗಾಳಿಯ ಅಡ್ಡಿ ಕಡಿಮೆ ಇದ್ದುದರಿಂದ. ಮನೆಯ ಹಾಲ್‌ನಲ್ಲಿ ಗಾಳಿಯ ಮಾತಿಲ್ಲ. ಆದರೂ ಒರಗಿದ ಮೈಗೆ ದುಡಿಯಲು ಬರುತ್ತೆ ಅನ್ನುವುದಕ್ಕೆ ಆ ದಾಖಲೆ ಸಾಕ್ಷಿ. ಬಿಗಿ ಏರಿಸಿದರೆ ರಿಕಂಬೆಂಟ್‌ನಲ್ಲೂ ಬೆವರು ಇಳಿಯುತ್ತೆ.

ಅಂಗಡಿಯಲ್ಲಿ ಅವರು ಎರಡನ್ನೂ ನಾಲ್ಕನೇ ನಂಬರಿನ ಬಿಗಿಯಲ್ಲಿ ತುಳಿದು, ಹಿಡಿಕೆಯಲ್ಲಿ ಕಾಣುವ ನಾಡಿಬಡಿತ ಹೋಲಿಸಿದರು. ರಿಕಂಬೆಂಟ್‌ನಲ್ಲಿ ಕಡಿಮೆ ತೋರಿಸಿತು. "ನೋಡಿ, ಕೆಲಸ ಕಡಿಮೆ" ಅಂದರು. ಎರಡು ಗಾಡಿಯ ನಾಲ್ಕನೇ ನಂಬರಿನ ಬಿಗಿ ಒಂದೇ ಅಲ್ಲ. ಹಾಗಾಗಿ ಆ ಹೋಲಿಕೆಯೇ ನಿಲ್ಲುವುದಿಲ್ಲ. ಬಿಗಿ ಒಂದೇ ಇದ್ದರೂ ಬಡಿತ ತುಸು ಕಡಿಮೆಯೇ ಇರುತ್ತೆ. ಕಾಲು ಮುಂದಕ್ಕೆ ಚಾಚಿ ಒರಗಿದಾಗ ಕಾಲಿನ ರಕ್ತ ಹೃದಯಕ್ಕೆ ಸುಲಭವಾಗಿ ಹಿಂತಿರುಗುತ್ತೆ. ಪ್ರತಿ ಬಡಿತಕ್ಕೂ ಹೃದಯ ಸ್ವಲ್ಪ ಜಾಸ್ತಿ ರಕ್ತ ತಳ್ಳುತ್ತೆ. ಅಷ್ಟೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತೆ. ಜೊತೆಗೆ ಮೆಟೊಪ್ರೊಲಾಲ್ ಬಡಿತವನ್ನು ಮೊದಲೇ ತಗ್ಗಿಸಿರುತ್ತೆ. 220ರಿಂದ ವಯಸ್ಸು ಕಳೆಯುವ ಲೆಕ್ಕ ಅವರಿಗೆ ಉಪಯೋಗವಿಲ್ಲ. "ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿಗಿ ಇಟ್ಟುಕೊಳ್ಳಿ" ಅಂದೆ. ಕ್ಯಾಲೊರಿ ತೋರಿಸುವ ಅಂಕಿಯನ್ನು ನಂಬಬೇಡಿ ಅಂತಲೂ ಹೇಳಿದೆ. ಸೀಟಿನ ಮೇಲೆ ಕೂತವರ ತೂಕವೇ ಆ ಗಾಡಿಗೆ ಗೊತ್ತಿಲ್ಲ.

15 ಸೆಂಟಿಮೀಟರ್ ಕ್ರ್ಯಾಂಕ್‌ನ ರಿಕಂಬೆಂಟ್ ಮನೆಗೆ ಬಂತು. ಆಯಸ್ಕಾಂತದ ಬಿಗಿ ಇರುವುದು. ಉಜ್ಜುವ ಪಟ್ಟಿ ಇಲ್ಲ, ಹಾಗಾಗಿ ಸದ್ದೂ ಇಲ್ಲ, ಸವೆಯುವುದೂ ಇಲ್ಲ. ಮಹಡಿಯ ಕೋಣೆಯಲ್ಲಿಡುವ ಯೋಚನೆ ಇತ್ತು. ಬೇಡ ಅಂದೆ. ಹಾಲ್‌ನಲ್ಲಿ, ಟಿವಿ ಎದುರು, ದಿವಾನದ ಪಕ್ಕ ಇಟ್ಟರು.

ಏಳು ತಿಂಗಳು

ಮೊದಲ ವಾರ ಪೂರ್ತಿ ಸುತ್ತು ಇಲ್ಲ. ಬಿಗಿ ಸೊನ್ನೆ. ಪೆಡಲನ್ನು ಮುಂದೆ, ಹಿಂದೆ, ತೊಟ್ಟಿಲು ತೂಗಿದ ಹಾಗೆ ಐದು ನಿಮಿಷ, ದಿನಕ್ಕೆ ಎರಡು ಸಲ. ಅದಕ್ಕೆ ಮೊದಲು ಮಂಡಿಗೆ ಬಿಸಿನೀರಿನ ಶಾಖ. ಸೀಟು ಅದರ ಕಂಬಿಯ ಐದನೇ ತೂತಿನಲ್ಲಿ (ನಂಬರ್ ಜಾಸ್ತಿಯಾದಷ್ಟೂ ಸೀಟು ಪೆಡಲ್‌ನಿಂದ ದೂರ). ಹತ್ತೊಂಬತ್ತನೇ ದಿನ ಹಿಂದಕ್ಕೆ ತುಳಿಯುವಾಗ ಪೂರ್ತಿ ಸುತ್ತು ಬಂತು. ಸಾಮಾನ್ಯವಾಗಿ ಹಿಮ್ಮುಖ ಸುತ್ತೇ ಮೊದಲು ಬರುವುದು. ಐದು ದಿನದ ಮೇಲೆ ಮುಮ್ಮುಖವೂ ಬಂತು. ಅವತ್ತು ನನಗೆ ಫೋನ್ ಮಾಡಿ "ತಿರುಗಿತಮ್ಮ, ತಿರುಗಿತು" ಅಂದರು. ನಾನು ಬೇರೆ ರೋಗಿಯ ಮನೆಯಲ್ಲಿದ್ದೆ. ಕಣ್ಣು ತುಂಬಿ ಬಂತು.

ಎರಡು ಎಡವಟ್ಟುಗಳಾದವು. ಎರಡನ್ನೂ ಮುಂಚೆಯೇ ಯೋಚಿಸಬೇಕಾದವಳು ನಾನು.

ಒಂದು, ಪೆಡಲ್‌ನ ಪಟ್ಟಿ. ರಿಕಂಬೆಂಟ್‌ನಲ್ಲಿ ಪಾದ ಪೆಡಲ್ ಮೇಲೆ ತಾನಾಗಿ ನಿಲ್ಲುವುದಿಲ್ಲ, ಕೆಳಗೆ ಜಾರುತ್ತೆ. ಹಾಗಾಗಿ ಪಟ್ಟಿ ಕಟ್ಟಬೇಕು. ಅವರು ಬರಿಗಾಲಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದರು. ಪಾದದ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ನೋಡಿದ್ದು ಯಜಮಾನರು. ಶುಗರ್ ಇರುವವರ ಪಾದದಲ್ಲಿ ಗೊತ್ತಾಗದ ಗಾಯಕ್ಕಿಂತ ಕೆಟ್ಟದ್ದಿಲ್ಲ. ಅವತ್ತಿನಿಂದ ಕಾಲುಚೀಲ, ಕ್ಯಾನ್ವಾಸ್ ಶೂ, ಪಟ್ಟಿಯ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲ. ಇಳಿದ ಮೇಲೆ ಯಜಮಾನರು ಪಾದ ನೋಡಬೇಕು.

ಇನ್ನೊಂದು, ನಾಲ್ಕನೇ ವಾರದಲ್ಲಿ. ಮುಮ್ಮುಖ ಸುತ್ತು ಬಂದ ಹುರುಪಿನಲ್ಲಿ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿಗೆ ಮೊದಲೇ ಹದಿನೈದು ನಿಮಿಷ ತುಳಿದರು. ಮೈ ಬೆವರಿ, ಕೈ ನಡುಗಿತು. ಮನೆಯ ಮೀಟರ್‌ನಲ್ಲಿ ಶುಗರ್ 64. ಸಕ್ಕರೆ ನೀರು ಕುಡಿದು ಸರಿಹೋದರು. ಗ್ಲಿಮಿಪಿರೈಡ್ ಶುಗರನ್ನು ತೀರಾ ಇಳಿಸಬಲ್ಲ ಮಾತ್ರೆ, ವ್ಯಾಯಾಮ ಅದಕ್ಕೆ ಸೇರಿಕೊಳ್ಳುತ್ತೆ. ಅವರ ಡಾಕ್ಟರ ಜೊತೆ ಮಾತಾಡಿ, ತಿಂಡಿಯಾಗಿ ಮುಕ್ಕಾಲು ಗಂಟೆಯ ಮೇಲೆ ಒಂದು ಸಲ, ರಾತ್ರಿ ಊಟದ ನಂತರ ಒಂದು ಸಲ ಅಂತ ಹೊಂದಿಸಿದೆವು. ಊಟದ ಮೇಲೆ ಏರುವ ಶುಗರ್‌ಗೂ ಅದು ಒಳ್ಳೆಯದು. ಸೀಟಿನ ಪಕ್ಕದ ಚೀಲದಲ್ಲಿ ಈಗ ಗ್ಲೂಕೋಸ್ ಪುಡಿ ಇರುತ್ತೆ.

ಮೂರನೇ ತಿಂಗಳಿಂದ ಬೆಳಿಗ್ಗೆ 15 ನಿಮಿಷ, ರಾತ್ರಿ 10 ನಿಮಿಷ, ವಾರಕ್ಕೆ ಆರು ದಿನ. ಅಲ್ಲಿಗೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ ಹೇಳುವುದೂ ಅಷ್ಟೇ. ಇದರ ಜೊತೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಬಿಡಿಸಲಿಲ್ಲ, ನಡಿಗೆಯನ್ನೂ ಬಿಡಿಸಲಿಲ್ಲ. ಯಾವ ಸೈಕಲ್ಲೇ ಆಗಲಿ, ಕೂತು ತುಳಿದರೆ ಮೈಭಾರವನ್ನು ಸೀಟು ಹೊರುತ್ತೆ, ಹೆಜ್ಜೆ ಇಟ್ಟಾಗಿನಷ್ಟು ಭಾರ ಮೂಳೆಯ ಮೇಲೆ ಬೀಳುವುದಿಲ್ಲ. ಮೂಳೆ ಗಟ್ಟಿಯಾಗಿರಲು ನೆಲದ ಮೇಲೆ ಹೆಜ್ಜೆ ಇಡಲೇಬೇಕು.

ಜನವರಿಯಲ್ಲಿ ಮತ್ತೆ ಅಳೆದೆ. ಬಲ ಮಂಡಿ 112 ಡಿಗ್ರಿ. ಕುರ್ಚಿಯಿಂದ ಏಳುವುದು ಆರರಿಂದ ಹತ್ತಕ್ಕೆ ಬಂದಿದೆ, ಇನ್ನೂ ಹನ್ನೊಂದಾಗಿಲ್ಲ. ನೋವು ಏಳರಿಂದ ನಾಲ್ಕು. ತೂಕ ಇಳಿದದ್ದು ಒಂದೂವರೆ ಕಿಲೋ ಮಾತ್ರ. ಮೂರು ತಿಂಗಳ ಸರಾಸರಿ ಶುಗರ್ (HbA1c) ಶೇಕಡಾ 8.1ರಿಂದ 7.6. ಈ ನಡುವೆ ರಾತ್ರಿ ಅನ್ನ ಕಡಿಮೆ ಮಾಡಿದ್ದಾರೆ, ಹಾಗಾಗಿ ಅದನ್ನು ಸೈಕಲ್‌ನ ಲೆಕ್ಕಕ್ಕೇ ಪೂರ್ತಿ ಬರೆಯಲಾರೆ. ಎಕ್ಸ್‌ರೇ ಮೊದಲಿನ ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಈಗಲೂ ಕಂಬಿ ಹಿಡಿಯುತ್ತಾರೆ. ಸಂಕ್ರಾಂತಿಗೆ ಎಳ್ಳು ಬೀರಲು ತಮ್ಮ ಬೀದಿಯ ಮನೆಗಳಿಗೆಲ್ಲ ನಡೆದೇ ಹೋಗಿ ಬಂದರು. ಕೆರೆಯ ಗೇಟಿನ ತನಕವೂ ಎರಡು ಸಲ ಹೋಗಿದ್ದಾರೆ. ಒಳಗಿನ ಸುತ್ತು ಇನ್ನೂ ಆಗಿಲ್ಲ.

ಯಜಮಾನರು ಮಳೆಗಾಲದಲ್ಲಿ ದಿನಾ ಅದೇ ಸೈಕಲ್ ತುಳಿದರು. ಅವರ ಕಾಲು ಉದ್ದ, ಸೀಟು ಎಂಟನೇ ತೂತಿಗೆ ಹೋಗಬೇಕು. ಒಂದೆರಡು ಸಲ ಅದು ಅಲ್ಲೇ ಉಳಿದು, ಟೀಚರಮ್ಮ ಗಮನಿಸದೆ ಕೂತು ಕಾಲು ಎಳೆದುಕೊಂಡರು. ಈಗ ಸೀಟಿನ ಕಂಬಿಯ ಮೇಲೆ ಉಗುರುಬಣ್ಣದ ಎರಡು ಗುರುತುಗಳಿವೆ. ಯಜಮಾನರು ಇಳಿದ ಕೂಡಲೇ ಹೆಂಡತಿಯ ಗುರುತಿಗೆ ಸೀಟು ಸರಿಸಿಡುತ್ತಾರೆ. ಮಂಡಿ ಮೊದಲಿಗಿಂತ ಹೆಚ್ಚು ಮಡಚುವುದರಿಂದ ಆ ಗುರುತು ಈಗ ಐದರಿಂದ ನಾಲ್ಕನೇ ತೂತಿಗೆ ಬಂದಿದೆ. ನೇರವಾಗಲು ಬಾಕಿ ಇದ್ದ ಎಂಟು ಡಿಗ್ರಿಯಲ್ಲಿ ಇನ್ನೂ ಆರು ಉಳಿದಿದೆ. ಅದಕ್ಕೆ ಬೇರೆ ವ್ಯಾಯಾಮ ಶುರು ಮಾಡಿದ್ದೇವೆ. ಮುಂದಿನ ಅಳತೆ ಮಾರ್ಚ್‌ನಲ್ಲಿ.